ಚಂದ್ರನ ಮೇಲೆ ಮನೆ ಯಾವಾಗ ಅಂತ ಕೇಳುವವರಿಗೆ

ಟೆಲಿಸ್ಕೋಪ್ ಹೊರಗಿಟ್ಟರೆ ಸಾಕು, "ಚಂದ್ರನ ಮೇಲೆ ಮನುಷ್ಯ ಮನೆ ಮಾಡೋದು ಯಾವಾಗ?" ಅಂತ ಯಾರಾದರೂ ಕೇಳಿಯೇ ಕೇಳುತ್ತಾರೆ. ಹೇಳಿ ಹೇಳಿ ಸಾಕಾಗಿದೆ. ಬರೆದಿಡುತ್ತೇನೆ, ಓದಿಕೊಳ್ಳಿ.

ಅಲ್ಲಿನ ಒಂದು ರಾತ್ರಿ ಅಂದರೆ ನಮ್ಮ ಹದಿನಾಲ್ಕು ದಿನ. 2023ರ ಆಗಸ್ಟ್ 23ರಂದು ಇಳಿದ ಚಂದ್ರಯಾನ-3ರ ವಿಕ್ರಮ್ ನೌಕೆ, ಅದರ ಪುಟ್ಟ ಗಾಡಿ ಪ್ರಜ್ಞಾನ್ ಒಂದು ಹಗಲು ಚೆನ್ನಾಗಿ ದುಡಿದವು. ಕತ್ತಲಾಗುವ ಮುಂಚೆ ಮಲಗಿಸಿದ್ದು ಮತ್ತೆ ಏಳಲಿಲ್ಲ. ಮನೆ ಕೇಳುವವರು ಮೊದಲು ಆ ರಾತ್ರಿ ಕಳೆಯುವ ದಾರಿ ಹುಡುಕಬೇಕು. ದಾರಿ ಮಣ್ಣಿನಡಿಯಲ್ಲೇ ಇದೆ. ವಿಕ್ರಮ್ ನೆಲಕ್ಕೆ ಚುಚ್ಚಿದ ತಾಪಮಾಪಕ ಮೇಲ್ಮೈಯಲ್ಲಿ 50 ಡಿಗ್ರಿಗೂ ಹೆಚ್ಚು ತೋರಿಸಿದರೆ, ಕೇವಲ 8 ಸೆಂಟಿಮೀಟರ್ ಕೆಳಗೆ ಸೊನ್ನೆಗಿಂತ ಕಡಿಮೆ ತೋರಿಸಿತು. ಅಂಗೈ ಅಗಲದ ಪುಡಿಮಣ್ಣು ಅಷ್ಟು ಬಿಸಿ ತಡೆಯುತ್ತದೆ! ಅದನ್ನು ಹೊದ್ದುಕೊಂಡು ನಾಲ್ಕು ಜನ ಕೆಲವು ತಿಂಗಳು ಇರಬಹುದು. ಅದು ಠಾಣ್ಯ, ಮನೆ ಅಲ್ಲ.

ಒಮ್ಮೆ ಹಿರಿಯರೊಬ್ಬರು ಕಣ್ಣೂ ಇಡದೆ ಇದೇ ಪ್ರಶ್ನೆ ಕೇಳಿದರು. ನನಗೆ ರೇಗಿತು. "ಮೊದಲು ನೋಡಿ ಸ್ವಾಮಿ" ಅಂದೆ. ಬಗ್ಗಿ ನೋಡಿದರು. ಬೆಳಕು ಕತ್ತಲು ಕೂಡುವ ಗೆರೆಯ ಮೇಲೆ ಒಂದು ಕುಳಿ. ಅರ್ಧ ಬೆಳಗಿ, ಅರ್ಧ ಕಪ್ಪು ಮಸಿ. ಅದರ ಅಂಚು ಹರಿಯುವ ನೀರಿನಡಿಯ ಬೆಣಚುಕಲ್ಲಿನ ಹಾಗೆ ನಡುಗುತ್ತಿತ್ತು. "ನಿಮ್ಮ ಟೆಲಿಸ್ಕೋಪ್ ಸರಿಯಿಲ್ಲ, ಅಲ್ಲಾಡ್ತಿದೆ" ಅಂದರು. ಅಲ್ಲಾಡುತ್ತಿದ್ದದ್ದು ನಮ್ಮ ಗಾಳಿ. ಅಲ್ಲಿ ಗಾಳಿಯೇ ಇಲ್ಲ, ನಕ್ಷತ್ರ ಮಿನುಗುವುದಿಲ್ಲ. 1972ರಲ್ಲೇ ಅಪೊಲೊ 16ರವರು ಜಾರ್ಜ್ ಕರುದರ್ಸ್ ರೂಪಿಸಿದ ಅತಿನೇರಳೆ ಕ್ಯಾಮೆರಾವನ್ನು ಅಲ್ಲಿ ನಿಲ್ಲಿಸಿ, ಭೂಮಿಯ ಸುತ್ತಲಿನ ಜಲಜನಕದ ಪ್ರಭೆಯ ಚಿತ್ರ ತೆಗೆದಿದ್ದರು.

ಆದರೆ ಬರೀ ಗಾಳಿಯಿಂದ ತಪ್ಪಿಸಿಕೊಳ್ಳಬೇಕಾದರೆ ಕಕ್ಷೆಯ ಟೆಲಿಸ್ಕೋಪೇ ಸಾಕು, ಧೂಳಿನ ಕಾಟವೂ ಇಲ್ಲ. ಚಂದ್ರನೇ ಬೇಕಾಗುವುದು ಬೇರೆ ಕಾರಣಕ್ಕೆ. ನನ್ನನ್ನು ಕೇಳಬೇಕಾದದ್ದು ಇದು: ಭೂಮಿಯಿಂದ ಎಂದೂ ಕಾಣದ ಅವನ ಆ ಬದಿಯಲ್ಲಿ ಏನು ಕೇಳಿಸುತ್ತದೆ?

ನಕ್ಷತ್ರಗಳೇ ಹುಟ್ಟದಿದ್ದ ಕಾಲದ ಜಲಜನಕ ಹೊಮ್ಮಿಸಿದ 21 ಸೆಂಟಿಮೀಟರ್ ಉದ್ದದ ರೇಡಿಯೊ ಅಲೆ ಇವತ್ತಿಗೆ ಹಿಗ್ಗಿ ಮೀಟರುಗಟ್ಟಲೆ ಉದ್ದವಾಗಿದೆ. ಅಂಥ ನೀಳ ಅಲೆಗಳನ್ನು ನಮ್ಮ ವಾಯುಮಂಡಲದ ಮೇಲ್ಪದರ ಕೆಡಿಸುತ್ತದೆ, ತೀರಾ ಉದ್ದವಾದವನ್ನು ಒಳಗೇ ಬಿಡುವುದಿಲ್ಲ. ಉಳಿದದ್ದು ನಮ್ಮ ರೇಡಿಯೊ ಕೇಂದ್ರಗಳ ಗದ್ದಲದಲ್ಲಿ ಮುಳುಗಿಹೋಗುತ್ತದೆ. 1973ರಲ್ಲಿ ಚಂದ್ರನನ್ನು ಸುತ್ತತೊಡಗಿದ ಎಕ್ಸ್‌ಪ್ಲೋರರ್ 49 ಉಪಗ್ರಹ ಅವನ ಹಿಂದೆ ಸರಿದಾಗ ಆ ಗದ್ದಲ ಅಡಗಿತು. ಕಲ್ಲಿನ ಗೋಡೆಯ ಹಿಂದೆ ಕೂತ ಹಾಗೆ.

ಆ ಗೋಡೆ ನಾವು ಕಟ್ಟಿದ್ದಲ್ಲ, ಮತ್ತೆ ಕಟ್ಟಲೂ ಬರುವುದಿಲ್ಲ. ಆ ಬದಿಯಲ್ಲಿ ಏನಿಟ್ಟರೂ ಮಾತಾಡಿಸಲು ಉಪಗ್ರಹ ಬೇಕು, ಉಪಗ್ರಹ ಅಂದರೆ ರೇಡಿಯೊ ಸದ್ದು. ಅಂತಾರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ರೇಡಿಯೊ ನಿಯಮಗಳಲ್ಲಿ ಆ ಬದಿಯನ್ನು ಕಾಯಬೇಕೆಂದು ಬರೆದಿದೆ. ಬರೆದದ್ದನ್ನು ಪಾಲಿಸಬೇಕು. ಜನ ದಕ್ಷಿಣ ಧ್ರುವದಲ್ಲಿ ಇಳಿಯಲಿ. ಅಲ್ಲಿ ಹೆಚ್ಚು ಕಾಲ ಬಿಸಿಲು ಬೀಳುವ ದಿಬ್ಬಗಳಿವೆ, ನೆರಳಿನ ಕುಳಿಗಳಲ್ಲಿ ಮಂಜುಗಡ್ಡೆ ಇದೆ. ಹಿಂಬದಿಯಲ್ಲಿ ನಾಲ್ಕು ಆಂಟೆನಾ ಹಾಸಿ, ಬಾಯಿ ಮುಚ್ಚಿಕೊಂಡು ಹಿಂದಿರುಗಬೇಕು.