ಬಾಗಿಲಿಗೂ ಬೀದಿಗೂ ನಡುವಿನ ಮೂರಡಿ

ನಮ್ಮ ಬೀದಿಯ ತಿರುವಿನಲ್ಲಿ ಹದಿನಾರು ವರ್ಷ ಇಸ್ತ್ರಿ ಮಾಡುತ್ತಿದ್ದ ದಂಪತಿಗೆ ಕೆಲವು ವರ್ಷಗಳ ಹಿಂದೆ ಬಡವರಿಗೆಂದು ಕಟ್ಟಿದ ವಸತಿ ಸಮುಚ್ಚಯವೊಂದರಲ್ಲಿ ಮನೆ ಸಿಕ್ಕಿತು. ಹಾಲುಕ್ಕಿಸುವ ದಿನ ನಾನೂ ಹೋಗಿದ್ದೆ. ತಗಡಿನ ಶೀಟಿನ ಕೆಳಗೆ, ಮಳೆ ಬಂದ ರಾತ್ರಿಗಳಲ್ಲಿ ಸೋರುವಲ್ಲೆಲ್ಲ ಪಾತ್ರೆಯಿಟ್ಟು ಎದ್ದು ಕೂರುತ್ತಿದ್ದವರಿಗೆ ಮೂರನೆಯ ಮಹಡಿಯ ಆ ಒಂದು ಕೋಣೆ, ಅಡುಗೆಮನೆ ಮತ್ತು ಸ್ವಂತದ್ದೆಂಬ ಶೌಚಾಲಯ ತಂದ ಸಮಾಧಾನವನ್ನು ಕಣ್ಣಾರೆ ಕಂಡಿದ್ದೇನೆ. ಆದರೆ ವರ್ಷ ತುಂಬುವುದರೊಳಗೆ ಇಸ್ತ್ರಿಯ ಕೆಲಸ ನಿಂತುಹೋಯಿತು. ಇದ್ದಿಲು, ಪೆಟ್ಟಿಗೆ, ಬಟ್ಟೆಯ ಗಂಟುಗಳನ್ನು ದಿನವೂ ಮೂರು ಮಹಡಿ ಹತ್ತಿಸಿ ಇಳಿಸುವುದು ಆ ವಯಸ್ಸಿನಲ್ಲಿ ಆಗುವಂಥದ್ದಲ್ಲ. ಒಳಗೆ ಮೇಜು ಹಾಕಿದರೆ ಮಲಗಲು ಜಾಗವಿಲ್ಲ, ಹೊರಗಿನ ಓಣಿಯಲ್ಲಿ ಹಾಕಿದರೆ ನೆರೆಯವರು ನಡೆದಾಡುವುದಕ್ಕೆ ಎಡೆಯಿಲ್ಲ. ಆ ಕಟ್ಟಡಕ್ಕೆ ಸಿಮೆಂಟಿಗಾಗಲಿ ಕಬ್ಬಿಣಕ್ಕಾಗಲಿ ಕೊರತೆ ಮಾಡಿರಲಿಲ್ಲ. ಬಾಗಿಲಿಗೂ ಬೀದಿಗೂ ನಡುವೆ ಇರಬೇಕಾಗಿದ್ದ ಮೂರಡಿ ಜಾಗವನ್ನು ಮಾತ್ರ ನಕ್ಷೆ ಬರೆದವರು ಲೆಕ್ಕಕ್ಕೆ ಹಿಡಿದಿರಲಿಲ್ಲ.

ಮೈಸೂರಿನ ವಠಾರವೊಂದರಲ್ಲಿ ಬೆಳೆದ ನನಗೆ ಆ ಮೂರಡಿಯ ಬೆಲೆ ಗೊತ್ತು. ನಮ್ಮ ಮನೆಯ ಒಳಗಿದ್ದದ್ದು ಒಂದೂವರೆ ಕೋಣೆ. ಹೂ ಕಟ್ಟುವುದು, ಅಕ್ಕಿ ಆರಿಸುವುದು, ಓದುವುದು, ಬಂದವರನ್ನು ಕೂರಿಸಿ ಮಾತನಾಡಿಸುವುದು ಎಲ್ಲವೂ ಜಗಲಿಯ ಮೇಲೆ. ಬಡವರ ವಸತಿಯ ವಿಚಾರ ಬಂದಾಗಲೆಲ್ಲ ನನಗೆ ಬೆಂಗಳೂರಿನ ಯಾವ ಸಮುಚ್ಚಯಕ್ಕಿಂತಲೂ ಮೊದಲು ಮಧ್ಯಪ್ರದೇಶದ ಇಂದೋರ್ ನಗರದ ‘ಅರಣ್ಯ’ ಎಂಬ ಹೆಸರಿನ ಬಡಾವಣೆ ನೆನಪಾಗುವುದಕ್ಕೆ ಕಾರಣವೂ ಇದೇ ಇರಬೇಕು.

ಅರಣ್ಯವನ್ನು ವಿನ್ಯಾಸಗೊಳಿಸಿದವರು ಬಾಲಕೃಷ್ಣ ದೋಶಿ. ಬನ್ನೇರುಘಟ್ಟ ರಸ್ತೆಯ ಐಐಎಂ ಆವರಣದ ಕಲ್ಲಿನ ಪಡಸಾಲೆಗಳಲ್ಲಿ ಓಡಾಡಿದವರಿಗೆ ಅವರ ಕೈ ಪರಿಚಿತ. 2018ರಲ್ಲಿ, ವಾಸ್ತುಶಿಲ್ಪ ಕ್ಷೇತ್ರದ ಅತ್ಯುನ್ನತ ಗೌರವವೆನಿಸಿದ ಪ್ರಿಟ್ಜ್‌ಕರ್ ಪ್ರಶಸ್ತಿ ಪಡೆದ ಅವರು ಆ ಗೌರವಕ್ಕೆ ಪಾತ್ರರಾದ ಮೊದಲ ಭಾರತೀಯ ವಾಸ್ತುಶಿಲ್ಪಿ; 2023ರ ಜನವರಿಯಲ್ಲಿ ತೀರಿಕೊಂಡರು. ಇಂದೋರ್ ಅಭಿವೃದ್ಧಿ ಪ್ರಾಧಿಕಾರಕ್ಕಾಗಿ ಅವರ ವಾಸ್ತುಶಿಲ್ಪ ಪ್ರತಿಷ್ಠಾನವು 1980ರ ದಶಕದಲ್ಲಿ ಕೈಗೆತ್ತಿಕೊಂಡ ಈ ಯೋಜನೆಯಲ್ಲಿ ಸುಮಾರು 85 ಹೆಕ್ಟೇರ್ ನೆಲದ ಮೇಲೆ ಸುಮಾರು 6,500 ನಿವೇಶನಗಳಿದ್ದವು, ಅವುಗಳಲ್ಲಿ ಹೆಚ್ಚುಕಡಿಮೆ ಮೂರರಲ್ಲಿ ಎರಡು ಪಾಲು ಅತ್ಯಂತ ಬಡ ಕುಟುಂಬಗಳಿಗೆ ಮೀಸಲಾಗಿದ್ದವು. ಬಡವರ ಪಾಲಿನ ನಿವೇಶನದ ಅಳತೆ ಸುಮಾರು 35 ಚದರ ಮೀಟರ್, ಅಂದರೆ ನಾವು ಮಾತುಮಾತಿಗೂ ಹೇಳುವ ಥರ್ಟಿ-ಫಾರ್ಟಿ ಸೈಟಿನ ಮೂರನೆಯ ಒಂದು ಭಾಗದಷ್ಟು.

ನನ್ನನ್ನು ಹಿಡಿದು ನಿಲ್ಲಿಸಿದ್ದು ಅವರು ಕೆಲಸ ಆರಂಭಿಸಿದ ರೀತಿ. ನಕ್ಷೆ ಬರೆಯುವುದಕ್ಕೆ ಮೊದಲು ಪ್ರತಿಷ್ಠಾನದವರೂ ಕೆನಡಾದ ಮ್ಯಾಕ್‌ಗಿಲ್ ವಿಶ್ವವಿದ್ಯಾಲಯದ ತಂಡದವರೂ ಇಂದೋರ್‌ನ ಕೊಳೆಗೇರಿಗಳಿಗೆ ಹೋಗಿ, ತೆರವುಗೊಳಿಸಬೇಕಾದ ಅವ್ಯವಸ್ಥೆ ಎಂದೇ ಅಧಿಕಾರಿಗಳು ಕಾಣುತ್ತಿದ್ದ ಓಣಿಗಳನ್ನು ಟೇಪು ಹಿಡಿದು ಅಳೆದರು. ಮನೆಯ ಮುಂದಿನ ಕಟ್ಟೆ ಎಷ್ಟು ಅಗಲ, ಮರದ ನೆರಳಿನಲ್ಲಿ ಯಾರು ಕೂತು ಏನು ಕೆಲಸ ಮಾಡುತ್ತಾರೆ, ಪುಟ್ಟ ಅಂಗಡಿ ಎಲ್ಲಿ ಹುಟ್ಟಿಕೊಳ್ಳುತ್ತದೆ, ದನ ಎಲ್ಲಿ ಕಟ್ಟುತ್ತಾರೆ, ಸೈಕಲ್ಲು ಎಲ್ಲಿ ನಿಲ್ಲಿಸುತ್ತಾರೆ ಎಂಬುದನ್ನೆಲ್ಲ ಬರೆದುಕೊಂಡರು. ಬಡವರು ತಮ್ಮ ಕೈಯಿಂದ ಕಟ್ಟಿಕೊಂಡದ್ದರಲ್ಲಿ ಕಲಿಯುವುದಕ್ಕೆ ಏನೋ ಇದೆ ಎಂದು ಒಬ್ಬ ಹೆಸರಾಂತ ವಾಸ್ತುಶಿಲ್ಪಿ ಒಪ್ಪಿಕೊಂಡು ಹೊರಟದ್ದೇ ನನ್ನ ದೃಷ್ಟಿಯಲ್ಲಿ ಇಡೀ ಯೋಜನೆಯ ಅತ್ಯಂತ ದೊಡ್ಡ ನಿರ್ಧಾರ. ಮಿಕ್ಕದ್ದೆಲ್ಲ ಅದರಿಂದಲೇ ಹುಟ್ಟಿತು.

ಅಲ್ಲಿ ಬಡ ಕುಟುಂಬಕ್ಕೆ ಕಟ್ಟಿ ಮುಗಿಸಿದ ಮನೆಯನ್ನು ಕೊಡಲಿಲ್ಲ. ನಿವೇಶನ, ಅದರ ಮೇಲೊಂದು ತಳಪಾಯ, ಶೌಚಾಲಯ ಮತ್ತು ಬಚ್ಚಲು, ನೀರಿನ ಹಾಗೂ ವಿದ್ಯುತ್ತಿನ ಸಂಪರ್ಕ, ಕೆಲವು ಕಡೆ ಒಂದು ಕೋಣೆ, ಇಷ್ಟನ್ನು ಕೊಟ್ಟು ಉಳಿದದ್ದನ್ನು ಅವರವರ ಕೈಗೆ ಬಿಟ್ಟರು. ಒಂಟಿ ಕುಟುಂಬ ತನ್ನ ಪ್ರಯತ್ನದಿಂದ ಎಂದೂ ಮಾಡಿಕೊಳ್ಳಲಾಗದ್ದು ಚರಂಡಿ, ನೀರು ಮತ್ತು ನೆಲದ ಹಕ್ಕು. ಗೋಡೆ ಎಬ್ಬಿಸುವುದನ್ನು, ಕಿಟಕಿ ಇಡುವುದನ್ನು, ಮಗನ ಮದುವೆಗೆ ಮುಂಚೆ ಮೇಲೊಂದು ಕೋಣೆ ಹಾಕುವುದನ್ನು ಅದು ಸರ್ಕಾರಕ್ಕಿಂತ ಚೆನ್ನಾಗಿಯೇ ಮಾಡಿಕೊಳ್ಳುತ್ತದೆ. ಹೇಗೆ ಬೆಳೆಸಬಹುದು ಎಂಬುದನ್ನು ತೋರಿಸಲು ದೋಶಿಯವರು 80 ಮಾದರಿ ಮನೆಗಳನ್ನು ವಿನ್ಯಾಸಗೊಳಿಸಿದರು. ಒಂದೇ ಕೋಣೆಯ ಮನೆಯಿಂದ ಹಿಡಿದು ಸಾಕಷ್ಟು ದೊಡ್ಡ ಮನೆಯವರೆಗೆ, ಹೊರಗಿನ ಮೆಟ್ಟಿಲು, ಬಾಲ್ಕನಿ, ಅಂಗಳ, ಮುಂದಿನ ಕಟ್ಟೆ ಎಲ್ಲದರ ಬಗೆಬಗೆಯ ಜೋಡಣೆ ಅವುಗಳಲ್ಲಿತ್ತು. ಮೆಟ್ಟಿಲನ್ನು ಹೊರಗಿಟ್ಟದ್ದರಿಂದ ಒಳಗಿನ ಜಾಗ ಉಳಿಯಿತು; ಮೇಲಿನ ಕೋಣೆಯನ್ನು ಬೇರೆಯವರಿಗೆ ಬಾಡಿಗೆಗೆ ಕೊಡುವ ದಾರಿಯೂ ತೆರೆಯಿತು.

ಬೆಂಗಳೂರಿನ ಮಧ್ಯಮ ವರ್ಗದವರಿಗೆ ಇದು ಹೊಸದೇನಲ್ಲ ಎಂಬುದನ್ನು ಇಲ್ಲಿ ಹೇಳಲೇಬೇಕು. ಸಾಲ ಮಾಡಿ ಸೈಟು ಕೊಂಡು, ಹತ್ತು ವರ್ಷ ಬಿಟ್ಟು ಪಾಯ ಹಾಕಿ, ನೆಲಮಹಡಿಯಲ್ಲಿ ಗೃಹಪ್ರವೇಶ ಮಾಡಿ, ಕಂಬದ ಕಬ್ಬಿಣದ ಸರಳುಗಳನ್ನು ಮುಂದಿನ ಮಹಡಿಗೆಂದು ತಾರಸಿಯ ಮೇಲೆ ಹಾಗೆಯೇ ಚಾಚಿ ಬಿಟ್ಟು, ಮಕ್ಕಳು ದುಡಿಯಲು ಆರಂಭಿಸಿದ ಮೇಲೆ ಬಾಡಿಗೆಗೆಂದು ಇನ್ನೊಂದು ಮನೆ ಎಬ್ಬಿಸುವುದು ನಮ್ಮ ಎಷ್ಟೋ ಬಡಾವಣೆಗಳ ಚರಿತ್ರೆ. ಮನೆ ಕುಟುಂಬದ ಜೊತೆ ಬೆಳೆಯುವುದು ನಮ್ಮ ಹಕ್ಕು ಎಂದುಕೊಂಡ ನಾವು, ಬಡವರ ಮನೆ ಮಾತ್ರ ಕೀಲಿಕೈ ಕೊಟ್ಟ ದಿನದ ಅಳತೆಯಲ್ಲೇ ಕೊನೆಯವರೆಗೂ ಇರಲಿ ಎಂದು ಹೇಗೆ ನಿರ್ಧರಿಸಿದೆವು ಎಂಬುದು ನನ್ನನ್ನು ಬಹಳ ಕಾಡಿದೆ.

ಬೀದಿಯ ವಿನ್ಯಾಸದಲ್ಲೂ ಇದೇ ಕಾಳಜಿಯಿದೆ. ಬಡಾವಣೆಯನ್ನು ಆರು ವಿಭಾಗಗಳಾಗಿ ಮಾಡಿ, ನಡುವಿನ ಬೆನ್ನೆಲುಬಿನಂಥ ರಸ್ತೆಯ ಉದ್ದಕ್ಕೂ ಅಂಗಡಿ ಮತ್ತು ಸಾರ್ವಜನಿಕ ಸೌಕರ್ಯಗಳಿಗೆ ಜಾಗ ಇಟ್ಟರು. ಹತ್ತು ಹತ್ತು ಮನೆಗಳು ಗುಂಪಾಗಿ ಓಣಿಗೆ ತೆರೆದುಕೊಳ್ಳುತ್ತವೆ. ವಾಹನ ಹೋಗುವ ರಸ್ತೆಯೇ ಬೇರೆ, ಕಾಲ್ನಡಿಗೆಯ ಓಣಿಯೇ ಬೇರೆ. ಓಣಿ ಕಿರಿದಾಗಿರುವುದರಿಂದ ಇಂದೋರ್ ಇರುವ ಮಾಳ್ವ ಸೀಮೆಯ ಬೇಸಗೆಯಲ್ಲಿ ಒಂದು ಮನೆಯ ನೆರಳು ಎದುರು ಮನೆಯ ಕಟ್ಟೆಗೆ ಬೀಳುತ್ತದೆ. ನಮ್ಮ ಜಗಲಿಯನ್ನು ಹೋಲುವ ಈ ಕಟ್ಟೆಯನ್ನು ಅಲ್ಲಿನವರು ಓಟ್ಲಾ ಎನ್ನುತ್ತಾರೆ. ತರಕಾರಿ ಹೆಚ್ಚುವವರು, ಹೊಲಿಗೆ ಯಂತ್ರ ಇಟ್ಟುಕೊಂಡವರು, ಮಗುವನ್ನು ಮಲಗಿಸುವವರು ಅಲ್ಲಿ ಕೂತಿದ್ದಾರೆಂದರೆ ಓಣಿಯ ಮೇಲೆ ಹಗಲಿಡೀ ನಾಲ್ಕಾರು ಜೊತೆ ಕಣ್ಣುಗಳಿರುತ್ತವೆ, ಆಡುವ ಮಕ್ಕಳನ್ನು ಕಾಯುವುದಕ್ಕೆ ಬೇರೆ ಏರ್ಪಾಡು ಬೇಕಾಗುವುದಿಲ್ಲ.

ಹಣದ ಲೆಕ್ಕವೂ ಚೆನ್ನಾಗಿ ಯೋಚಿಸಿದ್ದೇ. ಹೆದ್ದಾರಿಯ ಬದಿಗೆ ಮತ್ತು ಅಂಚಿನಲ್ಲಿರುವ ದೊಡ್ಡ ನಿವೇಶನಗಳನ್ನು ಹೆಚ್ಚು ಆದಾಯದವರಿಗೆ ಮಾರಿ, ಬಂದ ಲಾಭದಿಂದ ಒಳಗಿನ ಚಿಕ್ಕ ನಿವೇಶನಗಳ ಬೆಲೆಯನ್ನು ಇಳಿಸಿದರು. ಇದರಿಂದ ಬಡವರೂ ಉಳ್ಳವರೂ ಒಂದೇ ಬಡಾವಣೆಯ ವಿಳಾಸ ಹಂಚಿಕೊಂಡರು. 1995ರಲ್ಲಿ ಅರಣ್ಯಕ್ಕೆ ಆಗಾ ಖಾನ್ ವಾಸ್ತುಶಿಲ್ಪ ಪ್ರಶಸ್ತಿ ಬಂತು.

ಆದರೆ ಪ್ರಶಸ್ತಿಯಿಂದಾಚೆಗೂ ನೋಡಬೇಕು. ಬಡವರಿಗೆಂದು ಕೊಟ್ಟ ನಿವೇಶನಗಳಲ್ಲಿ ಎಷ್ಟೋ ಕೈ ಬದಲಾಗಿವೆ. ನಗರ ಬೆಳೆದು ನೆಲದ ಬೆಲೆ ಏರಿದ ಮೇಲೆ ಅವುಗಳನ್ನು ಮಾರಿ ಹೊರಟವರಿದ್ದಾರೆ, ಕೊಂಡವರು ಅವರಿಗಿಂತ ಉಳ್ಳವರು. ಆಸ್ಪತ್ರೆಯ ಖರ್ಚಿಗೋ ಮಗಳ ಮದುವೆಗೋ ಮಾರಬೇಕಾಗಿ ಬಂದ ಕುಟುಂಬವನ್ನು ವಿನ್ಯಾಸ ಕಾಪಾಡಲಾರದು, ಅದಕ್ಕೆ ಸುಲಭದ ಸಾಲ ಬೇಕು, ಬಾಡಿಗೆಯ ವಸತಿಯೂ ಬೇಕು. ಮಾದರಿ ಮನೆಗಳು ಗುರುತು ಸಿಗದಷ್ಟು ಬದಲಾಗಿವೆ ಎಂದು ಕೊರಗುವವರ ಮಾತನ್ನು ಮಾತ್ರ ನಾನು ಒಪ್ಪುವುದಿಲ್ಲ. ಬದಲಾಯಿಸಲೆಂದೇ ಕೊಟ್ಟದ್ದನ್ನು ಜನ ಬದಲಾಯಿಸಿದ್ದಾರೆ.

ಬೆಂಗಳೂರಿನಲ್ಲಿ ಅಷ್ಟು ನೆಲ ಎಲ್ಲಿದೆ, ಮಹಡಿಯ ಮೇಲೆ ಮಹಡಿ ಕಟ್ಟದೆ ಬೇರೆ ದಾರಿಯೇನು ಎಂಬ ಪ್ರಶ್ನೆ ನ್ಯಾಯವಾದದ್ದು. ಅದಕ್ಕೂ ದೋಶಿಯವರ ಕೆಲಸದಲ್ಲೇ ಒಂದು ಉತ್ತರವಿದೆ. ಅರಣ್ಯಕ್ಕಿಂತ ಮೊದಲು, 1973ರಲ್ಲಿ, ಅಹಮದಾಬಾದಿನಲ್ಲಿ ಜೀವವಿಮಾ ನಿಗಮಕ್ಕಾಗಿ ಅವರು ಕಟ್ಟಿದ ಸಮುಚ್ಚಯದಲ್ಲಿ ಮೂರು ಆದಾಯ ವರ್ಗದವರ ಮನೆಗಳು ಒಂದರ ಮೇಲೊಂದಿವೆ. ಕೆಳಗಿನದು ಎಲ್ಲಕ್ಕಿಂತ ದೊಡ್ಡದು, ಮೇಲೆ ಹೋದಂತೆ ಮನೆ ಚಿಕ್ಕದಾಗುತ್ತದೆ. ಹೀಗೆ ಹಿಂದೆ ಸರಿದಾಗ ಉಳಿಯುವ ತಾರಸಿ ಮೇಲಿನ ಮನೆಯವರ ಅಂಗಳವಾಗುತ್ತದೆ, ಮುಂದೆ ಅವರು ಬಯಸಿದರೆ ಕೋಣೆಯೂ ಆಗುತ್ತದೆ. ನಮ್ಮ ಸಮುಚ್ಚಯಗಳಲ್ಲಿ ಇಷ್ಟೂ ಆಗದಿದ್ದರೆ, ನಾಲ್ಕು ಮನೆಗೊಂದರಂತೆ ಗಾಳಿ ಬೆಳಕು ಬರುವ ಅಗಲವಾದ ಪಡಸಾಲೆಯನ್ನಾದರೂ ಇಡಬಹುದು. ಲಾಟರಿ ಎತ್ತಿ ಮಹಡಿ ಹಂಚುವುದಕ್ಕೆ ಮೊದಲು, ಯಾರ ಜೀವನೋಪಾಯಕ್ಕೆ ನೆಲಮಹಡಿ ಬೇಕು ಎಂದು ಒಂದೊಂದು ಕುಟುಂಬವನ್ನೂ ಕೇಳಿ, ಇಸ್ತ್ರಿಯವರಿಗೆ, ತಳ್ಳುಗಾಡಿಯವರಿಗೆ, ಹಿಟ್ಟು ರುಬ್ಬಿ ಮಾರುವವರಿಗೆ ಬೀದಿಗೆ ಬಾಗಿಲಿರುವ ಮನೆಯನ್ನು ಕೊಡಬಹುದು. ಹಾಗೆ ಕೇಳುವುದಕ್ಕೆ ಸಿಮೆಂಟಿನ ಒಂದು ಮೂಟೆಯೂ ಹೆಚ್ಚಿಗೆ ಬೇಕಾಗುವುದಿಲ್ಲ.