ಹಗುರ ಟ್ರ್ಯಾಕ್ ಕಾರಿಗೆ ಯಾವ ಟೈರ್? ಎಲ್ಲರೂ ಕೇಳುವ ಪ್ರಶ್ನೆಗೆ ನನ್ನ ಉತ್ತರ

ಬಳ್ಳಾರಿ, ಗಂಗಾವತಿ, ಸಿಂಧನೂರು ಕಡೆಯ ಹುಡುಗರು ಹಳೆಯ ಸ್ವಿಫ್ಟನ್ನೋ ಎಸ್ಟೀಮನ್ನೋ ಟ್ರ್ಯಾಕಿಗೆಂದು ಸಜ್ಜು ಮಾಡಿಕೊಂಡ ಮೇಲೆ ಕೇಳುವುದು ಒಂದೇ ಮಾತು: "ಅಣ್ಣ, ಗ್ರಿಪ್ ಚೆನ್ನಾಗಿರಬೇಕು, ಎರಡು ಟ್ರ್ಯಾಕ್ ಡೇಗೇ ಸವೆದು ಹೋಗಬಾರದು. ಯಾವ ಟೈರ್ ಹಾಕಿಸಲಿ?" ಟ್ರ್ಯಾಕ್ ಡೇ ಅಂದರೆ ಸ್ವಂತ ಕಾರನ್ನು ರೇಸ್ ಟ್ರ್ಯಾಕಿನಲ್ಲಿ ಓಡಿಸುವ ದಿನ.

ಕಾರು 900 ಕೆ.ಜಿ. ಒಳಗಿದ್ದು ಮುಂದಿನ ಚಕ್ರಗಳಿಂದ ಎಳೆಯುವುದಾದರೆ, ಟ್ರೆಡ್‌ವೇರ್ (ಸವೆತ ತಡೆಯುವ ಅಂಕ) 200ರ ಟೈರ್, 195 ಮಿ.ಮೀ. ಅಗಲ. ಅದಕ್ಕಿಂತ ಮೆತ್ತಗೆ ಬೇಡ, ಅದಕ್ಕಿಂತ ಅಗಲವೂ ಬೇಡ. ಆದರೆ ಅದು ಎಷ್ಟು ದಿನ ಬಾಳುತ್ತದೆ ಎನ್ನುವುದನ್ನು ಅಂಗಡಿಯಲ್ಲಿ ಕೊಳ್ಳುವ ರಬ್ಬರಿಗಿಂತ ನೀವು ಇಡುವ ಕ್ಯಾಂಬರ್ (ಮುಂದಿನಿಂದ ನೋಡಿದಾಗ ಚಕ್ರದ ಓರೆ) ಮತ್ತು ಗಾಳಿಯ ಒತ್ತಡ ಹೆಚ್ಚು ತೀರ್ಮಾನಿಸುತ್ತವೆ.

ಟ್ರೆಡ್‌ವೇರ್ ಎಂದು ಟೈರಿನ ಪಕ್ಕೆಯಲ್ಲಿ ಅಚ್ಚಾಗಿರುವ ಅಂಕಿ ಅಮೆರಿಕದ ಪದ್ಧತಿ. 100 ಅಂಕದ ಒಂದು ಮಾದರಿ ಟೈರಿನ ಜೊತೆಗೆ ಸಾಧಾರಣ ರಸ್ತೆಯಲ್ಲಿ ಓಡಿಸಿ, ಸವೆತ ಹೋಲಿಸಿ, ಕಂಪನಿಯವರೇ ಅಂಕ ಕೊಟ್ಟುಕೊಳ್ಳುತ್ತಾರೆ. ಅಂಕ ಕಡಿಮೆಯಾದಷ್ಟೂ ರಬ್ಬರ್ ಮೆತ್ತಗೆ, ಸವೆತ ಬೇಗ. ಹಾಗಾಗಿ ಒಂದು ಕಂಪನಿಯ 200 ಇನ್ನೊಂದರ 200ಕ್ಕೆ ಸಮ ಅಲ್ಲ. ಹ್ಯಾಂಕುಕ್ ಆರ್‌ಎಸ್4, ಯೊಕೊಹಾಮಾ ಅಡ್ವಾನ್ ನಿಯೋವಾ ಎಡಿ09 ಎರಡೂ 200ರವೇ. ಅವುಗಳಲ್ಲಿ ಹ್ಯಾಂಕುಕ್ ಬಾಳಿಕೆಗೆ ಹೆಸರಾದದ್ದು. ಟೋಯೊ ಆರ್888ಆರ್ 100ರದು, ನಾನ್‌ಕಾಂಗ್ ಎಆರ್-1 80ರದು. ಈ ಕೊನೆಯ ಎರಡು ಸೆಕೆಂಡು ಲೆಕ್ಕ ಹಾಕುವವರಿಗೆ ಸರಿ. ಖರ್ಚು ನೋಡಿಕೊಂಡು ಕಲಿಯುವವರಿಗೆ ಅಲ್ಲ.

ಹಗುರ ಕಾರಿನ ಲಾಭ ಇರುವುದೇ ಇಲ್ಲಿ. ತಿರುವಿನಲ್ಲಿ ಹೊರಗಿನ ಮುಂಚಕ್ರದ ಮೇಲೆ ಬೀಳುವ ಭಾರ ಕಡಿಮೆ, ಹುಟ್ಟುವ ಶಾಖವೂ ಕಡಿಮೆ. 1,500 ಕೆ.ಜಿ. ಸೆಡಾನಿನಲ್ಲಿ ಬೇಗ ಕಾದು ಜಾರುವ 200ರ ಟೈರ್ ಸ್ವಿಫ್ಟಿನಲ್ಲಿ ಇಡೀ ಸೆಷನ್ (ಟ್ರ್ಯಾಕಿನಲ್ಲಿ ಒಂದು ಸರದಿಯ ಓಟ) ತಡೆದುಕೊಳ್ಳುತ್ತದೆ. ಇದೇ ಕಾರಣಕ್ಕೆ ಮನೆಬಳಕೆಯ 400ರ ಆಸುಪಾಸಿನ ಗಟ್ಟಿ ಟೈರ್ ಹಗುರ ಕಾರಿಗೆ ಉಳಿತಾಯ ಅಲ್ಲ. ಅದು ಹಿಡಿಯದೆ ಜಾರುತ್ತದೆ, ಜಾರುವ ಟೈರ್ ಅಂಚಿನಲ್ಲಿ ಹರಿದು ಹೋಗುತ್ತದೆ. 225 ಅಗಲವೂ ಅಷ್ಟೆ: ತೂಕ ಏರುತ್ತದೆ, ಫೆಂಡರ್ ಒಳಗೆ ಉಜ್ಜುತ್ತದೆ, ರಬ್ಬರ್ ಸರಿಯಾದ ಶಾಖಕ್ಕೆ ಬರುವುದೇ ಇಲ್ಲ.

ಅಳತೆ ಆರಿಸುವಾಗ ಒಟ್ಟು ವ್ಯಾಸ ನೋಡಿ. ಅಳತೆಯಲ್ಲಿ ಮೊದಲು ಅಗಲ ಮಿ.ಮೀ.ನಲ್ಲಿ, ಆಮೇಲೆ ಪಕ್ಕೆಯ ಎತ್ತರ ಅಗಲದ ಶೇಕಡಾ ಎಷ್ಟು ಎಂಬುದು, ಕೊನೆಗೆ ರಿಮ್ಮಿನ ವ್ಯಾಸ ಇಂಚಿನಲ್ಲಿ. ಈಗ ಇರುವುದು 175/65 ಆರ್14 ಆದರೆ ಸುಮಾರು 583 ಮಿ.ಮೀ., ಬದಲಿಗೆ ಹಾಕುವ 195/50 ಆರ್15 ಸುಮಾರು 576. ಗೇರ್ ಲೆಕ್ಕ ಹೆಚ್ಚು ಕೆಡುವುದಿಲ್ಲ, ಕಾರು ತುಸು ಕೆಳಗೂ ಕೂರುತ್ತದೆ. ರಿಮ್ 6.5 ಇಂಚು ಇದ್ದರೆ ಪಕ್ಕೆ ನೆಟ್ಟಗೆ ನಿಲ್ಲುತ್ತದೆ. 5 ಇಂಚಿನ ರಿಮ್ಮಿಗೆ ಇದನ್ನು ತುರುಕಬೇಡಿ. 2020ರ ಜೂನ್‌ನಲ್ಲಿ ಕೇಂದ್ರ ಸರ್ಕಾರ ಹೊಸ ಟೈರ್ ಆಮದಿಗೆ ಪರವಾನಗಿ ಕಡ್ಡಾಯ ಮಾಡಿದ ಮೇಲೆ ಇಂಥ ಟೈರ್ ಕೇಳಿದ ಕೂಡಲೇ ಸಿಗುವುದಿಲ್ಲ. ಸಿಕ್ಕಾಗ ತಯಾರಿಕೆಯ ನಾಲ್ಕಂಕಿ ಓದಿ. 2324 ಎಂದಿದ್ದರೆ 2024ರ 23ನೇ ವಾರ. ಮೂರು ವರ್ಷ ಗೋದಾಮಿನಲ್ಲಿ ಕೂತ ಮೆತ್ತನೆ ಟೈರನ್ನು ಅರ್ಧ ಬೆಲೆಗೆ ಕೊಟ್ಟರೂ ಬೇಡ. ಟ್ರೆಡ್ (ನೆಲಕ್ಕೆ ತಾಗುವ ಗೀರುಗಳಿರುವ ಪದರ) ಹೊಸದಾಗಿಯೇ ಕಾಣುತ್ತದೆ, ರಬ್ಬರ್ ಗಡುಸಾಗಿರುತ್ತದೆ.

ಈಗ ಕ್ಯಾಂಬರ್. ಟೈರಿನ ದುಡ್ಡು ಹೆಚ್ಚು ಸೋರಿಹೋಗುವ ಜಾಗ ಇದು. ಕಾರ್ಖಾನೆಯಿಂದ ಬಂದ ಸ್ವಿಫ್ಟಿನ ಮುಂಚಕ್ರ ಹೆಚ್ಚುಕಡಿಮೆ ನೆಟ್ಟಗಿರುತ್ತದೆ. ತಿರುವಿನಲ್ಲಿ ಕಾರು ವಾಲಿದಾಗ ಭಾರವೆಲ್ಲ ಹೊರ ಅಂಚಿಗೆ ಬೀಳುತ್ತದೆ. ನಡುವೆ 5 ಮಿ.ಮೀ. ಟ್ರೆಡ್ ಉಳಿದಿರುವಾಗಲೇ ಅಂಚಿನಲ್ಲಿ ತಂತಿ ಕಾಣುವುದು ಈ ಕಾರಣಕ್ಕೆ. ಸ್ಟ್ರಟ್ಟನ್ನು (ಸ್ಪ್ರಿಂಗ್, ಶಾಕ್ ಅಬ್ಸಾರ್ಬರ್ ಇರುವ ಕಂಬ) ಚಕ್ರ ಕೂರುವ ಭಾಗವಾದ ನಕಲ್‌ಗೆ ಬಿಗಿಯುವ ಮೇಲಿನ ಬೋಲ್ಟಿನ ಜಾಗಕ್ಕೆ ಕ್ಯಾಂಬರ್ ಬೋಲ್ಟ್ ಹಾಕಿದರೆ ಸುಮಾರು ಒಂದೂವರೆ ಡಿಗ್ರಿವರೆಗೆ ಸಿಗುತ್ತದೆ. ಟ್ರ್ಯಾಕಿಗೆ ಮುಂದೆ ಮೈನಸ್ 2.5ರಿಂದ 3 ಡಿಗ್ರಿ (ಮೈನಸ್ ಅಂದರೆ ಚಕ್ರದ ಮೇಲ್ಭಾಗ ಒಳಕ್ಕೆ ವಾಲಿರುವುದು) ಬೇಕು, ಅದಕ್ಕೆ ಸ್ಟ್ರಟ್ಟಿನ ಮೇಲ್ತುದಿಯನ್ನು ಸರಿಸುವ ಕ್ಯಾಂಬರ್ ಪ್ಲೇಟೇ ಗತಿ. ಟೋ (ಮೇಲಿನಿಂದ ನೋಡಿದಾಗ ಚಕ್ರ ಒಳಕ್ಕೋ ಹೊರಕ್ಕೋ ತಿರುಗಿರುವುದು) ಸೊನ್ನೆಗೆ ಇಡಿಸಿ. ಕ್ಯಾಂಬರ್ ಬದಲಿಸಿದರೆ ಟೋ ತಾನಾಗಿ ಬದಲಾಗುತ್ತದೆ, ಆದ್ದರಿಂದ ಅಲೈನ್‌ಮೆಂಟ್ ಅಂಗಡಿಯಲ್ಲಿ ಕ್ಯಾಂಬರ್ ಮೊದಲು, ಟೋ ಕೊನೆಗೆ. ರಸ್ತೆಯಲ್ಲಿ ಒಳ ಅಂಚು ತಿನ್ನುವುದು ಕ್ಯಾಂಬರಿಗಿಂತ ಹೆಚ್ಚಾಗಿ ತಪ್ಪಿದ ಟೋ.

ಗಾಳಿಯ ವಿಷಯದಲ್ಲಿ ನಮ್ಮ ಬಿಸಿಲಿನ ಊರಿನವರು ವಿಶೇಷ ಎಚ್ಚರ ವಹಿಸಬೇಕು. ಶಾಖ ಐದಾರು ಡಿಗ್ರಿ ಬದಲಾದರೆ ಒತ್ತಡ ಸುಮಾರು 1 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಬದಲಾಗುತ್ತದೆ. ಬಳ್ಳಾರಿಯ 40 ಡಿಗ್ರಿ ಮಧ್ಯಾಹ್ನದಲ್ಲಿ 28 ತುಂಬಿಸಿದ ಟೈರ್, ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇ ಟ್ರ್ಯಾಕಿನಲ್ಲಿ 22 ಡಿಗ್ರಿಯ ಬೆಳಗಿಗೆ 25ಕ್ಕೆ ಇಳಿದಿರುತ್ತದೆ. ಊರಲ್ಲಿ ನೋಡಿದ ಅಂಕಿಯನ್ನು ನಂಬದೆ ಟ್ರ್ಯಾಕಿನಲ್ಲೇ, ನೆರಳಿನಲ್ಲಿ, ಮತ್ತೆ ನೋಡಿ. ತಣ್ಣಗಿದ್ದಾಗ 26ರಿಂದ 28ಕ್ಕೆ ಶುರು ಮಾಡಿ, ನಾಲ್ಕೈದು ಸುತ್ತು ಹೊಡೆದು ಪಿಟ್ಟಿಗೆ (ಟ್ರ್ಯಾಕಿನ ಪಕ್ಕ ಕಾರು ನಿಲ್ಲಿಸುವ ಜಾಗ) ಬಂದ ತಕ್ಷಣ 32ರಿಂದ 34 ಬರುವಂತೆ ಗಾಳಿ ಬಿಡುತ್ತಾ ಹೋಗಿ. ಸೂಜಿ ಚುಚ್ಚಿ ಶಾಖ ಅಳೆಯುವ ಪೈರೋಮೀಟರ್ ಇದ್ದರೆ ಒಳಗೆ, ನಡುವೆ, ಹೊರಗೆ ಮೂರು ಕಡೆ ಅಳೆಯಿರಿ. ನಡುವೆ ಹೆಚ್ಚು ಬಿಸಿ ಅಂದರೆ ಗಾಳಿ ಹೆಚ್ಚಾಗಿದೆ. ಹೊರ ಅಂಚು ಒಳ ಅಂಚಿಗಿಂತ ಬಿಸಿ ಅಂದರೆ ಕ್ಯಾಂಬರ್ ಸಾಲದು. ಒಳ ಅಂಚು ಐದರಿಂದ ಎಂಟು ಡಿಗ್ರಿ ಹೆಚ್ಚಿದ್ದರೆ ಸರಿಯಾಗಿದೆ. ದೂರದಿಂದ ಹಿಡಿಯುವ ಇನ್‌ಫ್ರಾರೆಡ್ ಗನ್ ಮೇಲ್ಪದರವನ್ನಷ್ಟೇ ಓದುತ್ತದೆ, ಆ ಪದರ ಪಿಟ್ಟಿಗೆ ಬರುವಷ್ಟರಲ್ಲೇ ಆರಿರುತ್ತದೆ.

ಹೊಸ ಟೈರಿನಲ್ಲಿ ಮೊದಲ ದಿನವೇ ಪೂರ್ತಿ ಒತ್ತಬೇಡಿ. ಪೂರಾ ಟ್ರೆಡ್ ಇರುವಾಗ ಅದರ ರಬ್ಬರ್ ಕಟ್ಟೆಗಳು ಓಲಾಡಿ ಬಿಸಿಯಾಗುತ್ತವೆ, ತುಂಡಾಗಿ ಹಾರುತ್ತವೆ. ಮೂರು ನಾಲ್ಕು ಸುತ್ತು ಮೆಲ್ಲಗೆ ಕಾಯಿಸಿ, ಒಂದು ದಿನ ಆರಲು ಬಿಡಿ. ಆಮೇಲೆ 15 ನಿಮಿಷದ ಸೆಷನ್ ಸಾಕು, ಕೊನೆಯ ಸುತ್ತು ನಿಧಾನವಾಗಿ ಬನ್ನಿ. ಪ್ರತಿ ಸಲ ಪೂರ್ತಿ ಕಾದು ಆರಿದಾಗಲೂ ರಬ್ಬರ್ ಸ್ವಲ್ಪ ಗಟ್ಟಿಯಾಗುತ್ತದೆ.

ಅದೇ ಟೈರಿನಲ್ಲಿ ಇಲ್ಲಿಂದ ಚೆನ್ನೈ ಟ್ರ್ಯಾಕಿಗೆ ಓಡಿಸಿಕೊಂಡು ಹೋಗುವುದು ದುಬಾರಿ. ಸುಮಾರು ಐನೂರು ಕಿಲೋಮೀಟರಿನ ಹೆದ್ದಾರಿ ಟ್ರೆಡ್ಡಿನ ನಡುವನ್ನು ಸುಮ್ಮನೆ ತಿನ್ನುತ್ತದೆ. ಸಂಡೂರು, ತೋರಣಗಲ್ಲು ದಾರಿಯಲ್ಲಿ ಅದಿರು ಲಾರಿಗಳಿಂದ ಉದುರಿದ ಚೂರುಗಳು ಮೆತ್ತನೆ ರಬ್ಬರಿಗೆ ಕಚ್ಚಿಕೊಂಡು ಸೀಳುತ್ತವೆ. ಹಳೆ ರಿಮ್ಮಿನಲ್ಲಿ ಮನೆಬಳಕೆಯ ಟೈರ್ ಹಾಕಿಕೊಂಡು ಹೋಗಿ, ಅಲ್ಲಿ ಬದಲಿಸಿ. ಪಂಕ್ಚರ್ ಬತ್ತಿ ಹಾಕಿದ ಟೈರ್ ಮನೆಗೆ ಬರಲು ಸಾಕು, ಟ್ರ್ಯಾಕಿಗೆ ಬೇಡ.

ಮುಂದಿನ ಟೈರ್ ಹಿಂದಿನದಕ್ಕಿಂತ ಬಹಳ ಬೇಗ ಸವೆಯುವುದರಿಂದ ಪ್ರತಿ ಟ್ರ್ಯಾಕ್ ಡೇ ಆದ ಮೇಲೆ ಹಿಂದೆ ಮುಂದೆ ಬದಲಿಸಿ. ಗಡಿಯಾರದ ದಿಕ್ಕಿನ ಟ್ರ್ಯಾಕಿನಲ್ಲಿ ಎಡ ಮುಂದಿನದು ಮೊದಲು ಹೋಗುತ್ತದೆ. ದುಡ್ಡು ಉಳಿಸಲೆಂದು ಮುಂದೆ 200, ಹಿಂದೆ ಗಟ್ಟಿ ಟೈರ್ ಹಾಕುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ತಿರುವಿನ ನಡುವೆ ಕಾಲು ತೆಗೆದರೆ ಹಿಂಭಾಗ ತಿರುಗಿ ನಿಲ್ಲುತ್ತದೆ.

ಮನೆಗೆ ತಂದ ಮೇಲೆ ತೊಳೆದು, ಒಣಗಿಸಿ, ಕಪ್ಪು ಚೀಲದಲ್ಲಿ ಕಟ್ಟಿ ಒಳಕೋಣೆಯಲ್ಲಿಡಿ. ತಗಡಿನ ಶೆಡ್ಡಿನಲ್ಲಿ, ಅದರಲ್ಲೂ ಮೋಟಾರಿನ ಪಕ್ಕ ಇಡಬೇಡಿ. ಬಿಸಿಲಿನ ಕಾವು ಮತ್ತು ಮೋಟಾರಿನ ಕಿಡಿಯಿಂದ ಬರುವ ಓಝೋನ್ ಎರಡೂ ರಬ್ಬರನ್ನು ಒಡೆಸುತ್ತವೆ. ಟ್ರೆಡ್ 1.6 ಮಿ.ಮೀ. ಗುರುತಿಗೆ ಮುಟ್ಟಿದರೆ ರಸ್ತೆಗೆ ಕಾನೂನುಬಾಹಿರ. ಹೊರ ಅಂಚಿನಲ್ಲಿ ನೂಲು ಕಂಡರೆ ಒಂದು ಸುತ್ತಿಗೂ ಬೇಡ.