ಐವತ್ತು ವರ್ಷದ ಕಥೆಯನ್ನು ಎಲ್ಲಿಂದ ಶುರು ಮಾಡೋದು?

ನವೆಂಬರ್ ಬಂತು ಅಂದರೆ ನನಗೆ ಈ ಪ್ರಶ್ನೆ ತಪ್ಪಿದ್ದಲ್ಲ. ಆಫೀಸಿನ ಗೆಳೆಯರು ಕೇಳಿದ್ದಾರೆ, ಅಕ್ಕನ ಮಗಳು ಕೇಳಿದ್ದಾಳೆ. ಒಮ್ಮೆ ಮೈಸೂರಿನ ರೈಲಿನಲ್ಲಿ ಪಕ್ಕ ಕೂತಿದ್ದ ಹುಡುಗ ನನ್ನ ಬ್ಯಾಗಿಗೆ ನೇತುಹಾಕಿದ್ದ ನೀಲಿ ಪೆಟ್ಟಿಗೆಯ ಕೀಚೈನ್ ನೋಡಿ ಅದನ್ನೇ ಕೇಳಿದ. "'ಡಾಕ್ಟರ್ ಹೂ' ಅನ್ನೋ ಆ ಬ್ರಿಟಿಷ್ ಟಿವಿ ಸರಣಿ ನೋಡಬೇಕು ಅಂತ ಆಸೆ ಇದೆ. ಆದರೆ ಅದು 1963ರಿಂದ ಬರ್ತಿದೆ ಅಂತಾರೆ. ಎಲ್ಲಿಂದ ಶುರು ಮಾಡೋದು? ಆ ಐವತ್ತನೇ ವರ್ಷದ ಸ್ಪೆಷಲ್ ಒಂದನ್ನೇ ನೋಡಿದರೆ ಏನಾದ್ರೂ ಅರ್ಥ ಆಗುತ್ತಾ?"

ಆಗುತ್ತೆ. ಅಷ್ಟೇ ಅಲ್ಲ, ಅಲ್ಲಿಂದಲೇ ಶುರು ಮಾಡಿ ಅಂತ ನಾನು ಹೇಳೋದು. ಒಂದೇ ಒಂದು ಷರತ್ತು. ಅದಕ್ಕೂ ಮುಂಚೆ ಇಪ್ಪತ್ತೈದು ನಿಮಿಷ ಕೊಟ್ಟು 1963ರ ಮೊಟ್ಟಮೊದಲ ಎಪಿಸೋಡ್ ನೋಡಿಬಿಡಿ. ಅದು ಮುಗಿದ ಕೂಡಲೇ ನೇರ ಐವತ್ತನೇ ವರ್ಷದ್ದು. ನಡುವಿನದೆಲ್ಲ ಎಲ್ಲೂ ಓಡಿಹೋಗಲ್ಲ.

ಹಳೆಯ ಅಭಿಮಾನಿಗಳು ಇದನ್ನು ಒಪ್ಪುವುದಿಲ್ಲ. ಸರಣಿ ಮತ್ತೆ ಶುರುವಾದ 2005ರಿಂದ ಕ್ರಮವಾಗಿ ಬನ್ನಿ, ಇಲ್ಲದಿದ್ದರೆ ಗುಟ್ಟೆಲ್ಲ ಮೊದಲೇ ಒಡೆದುಹೋಗುತ್ತೆ ಅನ್ನುತ್ತಾರೆ. ನಾನು ಯಾಕೆ ಹಾಗೆ ಹೇಳಲ್ಲ ಅನ್ನುವುದಕ್ಕೆ ಕಥೆಯನ್ನೇ ಬಿಚ್ಚಿಡಬೇಕು. ಗುಟ್ಟು ಕೇಳಬಾರದು ಅನ್ನುವವರು ಇಲ್ಲಿಗೇ ನಿಲ್ಲಿಸಿ, ಎರಡನ್ನೂ ನೋಡಿ ಬನ್ನಿ.

ಗೊತ್ತಿಲ್ಲದವರಿಗೆ ಎರಡು ಮಾತು. ಡಾಕ್ಟರ್ ಮನುಷ್ಯನಲ್ಲ. ಗ್ಯಾಲಿಫ್ರೇ ಅನ್ನುವ ಗ್ರಹದ ಟೈಮ್ ಲಾರ್ಡ್. ಅವನ ಹತ್ತಿರ ಟಾರ್ಡಿಸ್ ಅನ್ನುವ ವಾಹನ ಇದೆ. ಹೊರಗಿನಿಂದ ಅದು ಲಂಡನ್ ಬೀದಿಗಳಲ್ಲಿ ಆಗ ಇರುತ್ತಿದ್ದ ನೀಲಿ ಪೊಲೀಸ್ ಪೆಟ್ಟಿಗೆ. ಬಾಗಿಲು ತೆಗೆದು ಒಳಗೆ ಹೋದರೆ ದೊಡ್ಡ ಹಜಾರ. ಅದು ಕಾಲದಲ್ಲಿ ಹಿಂದಕ್ಕೂ ಹೋಗುತ್ತೆ, ಮುಂದಕ್ಕೂ ಹೋಗುತ್ತೆ. ಡಾಕ್ಟರ್ ಸಾಯುವ ಹಂತಕ್ಕೆ ಬಂದರೆ ಅವನಿಗೆ ಹೊಸ ಮೈ, ಹೊಸ ಮುಖ ಬರುತ್ತೆ. ನೆನಪು ಅದೇ, ಸ್ವಭಾವ ಸ್ವಲ್ಪ ಬೇರೆ. 1966ರಲ್ಲಿ ಮೊದಲ ನಟ ವಿಲಿಯಂ ಹಾರ್ಟ್ನೆಲ್ ಅವರ ಆರೋಗ್ಯ ಕೈಕೊಟ್ಟಾಗ ಪ್ಯಾಟ್ರಿಕ್ ಟ್ರೌಟನ್ ಅವರನ್ನು ತರಲು ಕಂಡುಕೊಂಡ ದಾರಿ ಇದು. ಈ ಒಂದು ಉಪಾಯ ಇಲ್ಲದಿದ್ದರೆ ಸರಣಿ ಅಲ್ಲಿಗೇ ಮುಗಿಯುತ್ತಿತ್ತು.

ಮೊದಲ ಎಪಿಸೋಡ್ ಬಿಬಿಸಿಯಲ್ಲಿ ಬಂದದ್ದು 1963ರ ನವೆಂಬರ್ 23, ಶನಿವಾರ ಸಂಜೆ. ಹಿಂದಿನ ದಿನ ಅಮೆರಿಕದ ಅಧ್ಯಕ್ಷ ಕೆನಡಿ ಅವರ ಕೊಲೆಯಾಗಿತ್ತು. ಜನರ ಮನಸ್ಸು ಎಲ್ಲೋ ಇತ್ತು. ಹಾಗಾಗಿ ಮುಂದಿನ ವಾರ ಎರಡನೇ ಎಪಿಸೋಡಿಗೆ ಮುಂಚೆ ಮೊದಲನೆಯದನ್ನು ಇನ್ನೊಮ್ಮೆ ತೋರಿಸಿದರು. ನಿರ್ದೇಶಕ ವಾರಿಸ್ ಹುಸೇನ್. ಹುಟ್ಟಿದ್ದು ನಮ್ಮ ಲಕ್ನೋದಲ್ಲಿ. ಆಗ ಅವರಿಗೆ 24 ವರ್ಷ. ನಿರ್ಮಾಪಕಿ ವೆರಿಟಿ ಲ್ಯಾಂಬರ್ಟ್ ಅವರಿಗೆ 27. ದೊಡ್ಡ ವಯಸ್ಸಿನ ಗಂಡಸರೇ ತುಂಬಿದ್ದ ಜಾಗದಲ್ಲಿ ಒಬ್ಬ ಭಾರತೀಯ ಹುಡುಗ, ಒಬ್ಬ ಯುವತಿ ಸೇರಿ ಇದನ್ನು ಕಟ್ಟಿದರು. ನನಗೆ ಇದು ಯಾವತ್ತೂ ಹೆಮ್ಮೆಯ ಸಂಗತಿ. ಶೀರ್ಷಿಕೆ ಸಂಗೀತ ಬರೆದದ್ದು ರಾನ್ ಗ್ರೇನರ್. ಅದಕ್ಕೆ ಆ ವಿಚಿತ್ರ ದನಿ ಕೊಟ್ಟದ್ದು ಡೀಲಿಯಾ ಡರ್ಬಿಶೈರ್. ಒಂದೊಂದು ಸ್ವರವನ್ನೂ ಬೇರೆಬೇರೆಯಾಗಿ ಟೇಪಿನಲ್ಲಿ ಹಿಡಿದು, ಟೇಪನ್ನು ಕತ್ತರಿಸಿ, ತುಂಡುಗಳನ್ನು ಅಂಟಿಸಿ ಅಂಟಿಸಿ ಮಾಡಿದ ಸಂಗೀತ ಅದು. ಹೆಡ್‌ಫೋನ್ ಹಾಕಿಕೊಂಡು ಕೇಳಿ. ಈಗಲೂ ಬೆನ್ನುಹುರಿಯಲ್ಲಿ ಏನೋ ಹರಿದಾಡಿದ ಹಾಗಾಗುತ್ತೆ.

ಕಥೆ ಶುರುವಾಗುವುದು ಮಂಜಿನ ರಾತ್ರಿಯಲ್ಲಿ. ಒಬ್ಬ ಪೊಲೀಸ್ ಒಂದು ಗುಜರಿ ಅಂಗಳದ ಗೇಟಿನ ಮುಂದೆ ಗಸ್ತು ತಿರುಗುತ್ತಾನೆ. ಒಳಗೆ ಮುರುಕಲು ಸಾಮಾನಿನ ನಡುವೆ ಆ ಪೆಟ್ಟಿಗೆ ನಿಂತಿದೆ, ಸಣ್ಣಗೆ ಗುಂಯ್ ಅನ್ನುತ್ತಿದೆ. ಇಯಾನ್ ಮತ್ತು ಬಾರ್ಬರಾ ಅನ್ನುವ ಇಬ್ಬರು ಮೇಷ್ಟ್ರು, ಸೂಸನ್ ಅನ್ನುವ ವಿದ್ಯಾರ್ಥಿನಿಯ ಮನೆ ಎಲ್ಲಿದೆ ಅಂತ ಹುಡುಕಿಕೊಂಡು ಅಲ್ಲಿಗೆ ಬರುತ್ತಾರೆ. ಅವಳ ಅಜ್ಜನೇ ಡಾಕ್ಟರ್. ಸಿಡುಕ. ಯಾರನ್ನೂ ನಂಬದವನು. ತಾನೂ ಮೊಮ್ಮಗಳೂ ತಮ್ಮ ಗ್ರಹದಿಂದ ದೂರವಾದವರು, ಹಿಂದೆ ಮುಂದೆ ಯಾರೂ ಇಲ್ಲದವರು ಅಂತ ಹೇಳಿ, ಒಂದು ದಿನ ವಾಪಸ್ ಹೋಗ್ತೀವಿ ಅನ್ನುತ್ತಾನೆ. ಈ ಒಂದು ಮಾತು ನಿಮ್ಮ ಕಿವಿಗೆ ಬೀಳಲಿ ಅಂತಲೇ ನಾನು ಆ ಇಪ್ಪತ್ತೈದು ನಿಮಿಷ ಕೇಳೋದು.

ಈಗ ಸರಿಯಾಗಿ ಐವತ್ತು ವರ್ಷ ಮುಂದಕ್ಕೆ. 2013ರ ನವೆಂಬರ್ 23. ಅದೂ ಶನಿವಾರವೇ. 'ದಿ ಡೇ ಆಫ್ ದಿ ಡಾಕ್ಟರ್' ಒಂದೇ ಹೊತ್ತಿಗೆ 94 ದೇಶಗಳಲ್ಲಿ ಪ್ರಸಾರವಾಯಿತು. ಗಿನ್ನೆಸ್ ದಾಖಲೆ ಅದು. ಬರೆದವರು ಸ್ಟೀವನ್ ಮೊಫಟ್, ನಿರ್ದೇಶನ ನಿಕ್ ಹರಾನ್. ಶುರುವಿನಲ್ಲಿ ಬರುವುದು 1963ರದ್ದೇ ಕಪ್ಪು ಬಿಳುಪು ಶೀರ್ಷಿಕೆ, ಅದೇ ಸಂಗೀತ. ಮತ್ತೆ ಒಬ್ಬ ಪೊಲೀಸ್ ನಡೆದು ಹೋಗುತ್ತಾನೆ. ಮತ್ತೆ ಅದೇ ಗುಜರಿ ಅಂಗಡಿಯ ಹೆಸರು. ಸೂಸನ್ ಓದುತ್ತಿದ್ದ ಅದೇ ಕೋಲ್ ಹಿಲ್ ಶಾಲೆ. ಶಾಲೆಯ ಬೋರ್ಡಿನಲ್ಲಿ ಆಡಳಿತ ಮಂಡಳಿಯ ಅಧ್ಯಕ್ಷರ ಹೆಸರು ಐ. ಚೆಸ್ಟರ್ಟನ್. ಅಂದರೆ ಮೊದಲ ಎಪಿಸೋಡಿನ ಇಯಾನ್ ಮೇಷ್ಟ್ರು! ಎರಡೇ ಎರಡು ಎಪಿಸೋಡ್ ನೋಡುವವರಿಗೂ ಈ ಖುಷಿ ಸಿಗುತ್ತೆ, ಅಲ್ವಾ?

ನಾನು ಇದನ್ನು ಅಮ್ಮನ ಜೊತೆ ನೋಡಿದ್ದೇನೆ. ಅವರಿಗೆ ಈ ಸರಣಿಯ ಗಂಧಗಾಳಿ ಗೊತ್ತಿರಲಿಲ್ಲ. ಮೊದಲ ಎಪಿಸೋಡ್ ಹಾಕಿದೆ, ಆಮೇಲೆ ಇದನ್ನು ಹಾಕಿದೆ. ಮಧ್ಯೆ ನಾನು ಏನೂ ವಿವರಿಸಬಾರದು ಅಂತ ಬಾಯಿಗೆ ಬೀಗ ಹಾಕಿಕೊಂಡು ಕೂತೆ. ಝೈಗನ್ ಅನ್ನುವ ವೇಷ ಬದಲಿಸುವ ಜೀವಿಗಳ ಉಪಕಥೆ ಬಂದಾಗ ಅವರಿಗೆ ಸ್ವಲ್ಪ ಗೊಂದಲವಾಯಿತು. ಅದು ನನಗೂ ಅಷ್ಟೇನೂ ಮುಖ್ಯ ಅನ್ನಿಸುವುದಿಲ್ಲ. ಆದರೆ ಮುಖ್ಯ ಕಥೆ ಅವರನ್ನು ಹತ್ತೇ ನಿಮಿಷದಲ್ಲಿ ಹಿಡಿದುಕೊಂಡಿತು.

ಆ ಕಥೆ ಇಷ್ಟು. ಟೈಮ್ ಲಾರ್ಡ್‌ಗಳಿಗೂ ಡಾಲೆಕ್ ಅನ್ನುವ ಕ್ರೂರ ಜೀವಿಗಳಿಗೂ ದೊಡ್ಡ ಯುದ್ಧ ನಡೆಯುತ್ತಿದೆ. ಅದು ಇಡೀ ಬ್ರಹ್ಮಾಂಡವನ್ನೇ ಸುಡುತ್ತಿದೆ. ಒಬ್ಬ ಮುದಿ ಡಾಕ್ಟರ್, ಜಾನ್ ಹರ್ಟ್ ಮಾಡಿರುವ ಪಾತ್ರ, ಒಂದು ಭಯಂಕರ ಅಸ್ತ್ರವನ್ನು ಗೋಣಿಚೀಲದಲ್ಲಿ ಬೆನ್ನಿಗೆ ಹಾಕಿಕೊಂಡು ಮರಳುಗಾಡಿನ ಒಂದು ಹಳೇ ಕೊಟ್ಟಿಗೆಗೆ ನಡೆದು ಬರುತ್ತಾನೆ. ಅದನ್ನು ಬಳಸಿದರೆ ಎರಡೂ ಕಡೆಯವರು ಸರ್ವನಾಶ. ಯುದ್ಧ ನಿಲ್ಲುತ್ತೆ, ಆದರೆ ಅವನದೇ ಗ್ರಹ, ಅವನದೇ ಜನ ಸುಟ್ಟುಹೋಗುತ್ತಾರೆ. ಆ ಅಸ್ತ್ರಕ್ಕೆ ಒಂದು ಮನಸ್ಸಾಕ್ಷಿ ಇದೆ. ಅದು ಹುಡುಗಿಯ ರೂಪದಲ್ಲಿ ಎದುರು ಕೂತು ಮಾತಾಡುತ್ತೆ. ಈ ಹೊತ್ತು ಗ್ಯಾಲಿಫ್ರೇಯಲ್ಲಿ ಎಷ್ಟು ಮಕ್ಕಳಿದ್ದಾರೆ ಅಂತ ಕೇಳುತ್ತೆ. ಅವನಿಗೆ ಗೊತ್ತಿಲ್ಲ. ಎಣಿಸಿಲ್ಲ. ಮುಂದೊಂದು ದಿನ ನೀನು ಕೂತು ಎಣಿಸ್ತೀಯ ಅನ್ನುತ್ತೆ. ಹಾಗಂದು ಅವನನ್ನು ಅವನ ಮುಂದಿನ ಮುಖಗಳ ಹತ್ತಿರ ಕಳಿಸುತ್ತೆ. ಒಬ್ಬ ಡೇವಿಡ್ ಟೆನಂಟ್, ಇನ್ನೊಬ್ಬ ಮ್ಯಾಟ್ ಸ್ಮಿತ್. ಟೆನಂಟ್‌ನ ಡಾಕ್ಟರ್‌ಗೆ ಲೆಕ್ಕ ಬಾಯಿಗೇ ಬರುತ್ತೆ. 247 ಕೋಟಿ ಮಕ್ಕಳು. ಅವನಿಗಿಂತ ದೊಡ್ಡವನಾದ ಸ್ಮಿತ್‌ನ ಡಾಕ್ಟರ್ ಮರೆತಿದ್ದೇನೆ ಅನ್ನುತ್ತಾನೆ. ಆಗ ಟೆನಂಟ್ ಅವನನ್ನು ನೋಡುವ ನೋಟ ಇದೆಯಲ್ಲ, ತನ್ನನ್ನೇ ತಾನು ಹೇಸಿಕೊಳ್ಳುವವನ ನೋಟ ಅದು.

ಈ ಮೂವರು ಲಂಡನ್ ಟವರ್‌ನ ಒಂದು ಸೆರೆಮನೆಯಲ್ಲಿದ್ದಾರೆ. ಮರದ ಬಾಗಿಲು. ಅವರ ಕೈಯಲ್ಲಿರುವ ಸೋನಿಕ್ ಸ್ಕ್ರೂಡ್ರೈವರ್ ಅನ್ನುವ ಉಪಕರಣಕ್ಕೆ ಆ ಬಾಗಿಲನ್ನು ಕರಗಿಸುವ ಲೆಕ್ಕ ಹಾಕಲು ನೂರಾರು ವರ್ಷ ಬೇಕು. ಮುದುಕನಿಗೆ ಒಂದು ಯೋಚನೆ ಹೊಳೆಯುತ್ತೆ. ಮೂವರೂ ಒಬ್ಬನೇ, ಉಪಕರಣವೂ ಒಂದೇ, ಹೊರಗಿನ ಚಿಪ್ಪು ಮಾತ್ರ ಬೇರೆ. ತಾನು ಈಗ ಲೆಕ್ಕ ಶುರು ಮಾಡಿದರೆ, ನಾನೂರು ವರ್ಷ ದೊಡ್ಡವನಾದ ಸ್ಮಿತ್‌ನ ಕೈಯಲ್ಲಿ ಅದು ಇಷ್ಟೊತ್ತಿಗೆ ಮುಗಿದಿರಬೇಕು. ನೋಡಿದರೆ ನಿಜವಾಗಿಯೂ ಮುಗಿದಿದೆ! ಮೂವರೂ ಸಂಭ್ರಮ ಪಡುತ್ತಿರುವಾಗ ಸ್ಮಿತ್‌ನ ಜೊತೆಗಾತಿ ಕ್ಲಾರಾ ಹೊರಗಿನಿಂದ ಬಾಗಿಲು ತಳ್ಳಿಕೊಂಡು ಬರುತ್ತಾಳೆ. ಅದಕ್ಕೆ ಬೀಗವೇ ಹಾಕಿರಲಿಲ್ಲ. ಅಮ್ಮ ಜೋರಾಗಿ ನಕ್ಕರು. ನಾನು ಮೊದಲ ಸಲ ನೋಡಿದಾಗ ನಾನೂ ನಕ್ಕಿದ್ದೆ. ಅದು ಬರೀ ನಗುವಿಗೆ ಇಟ್ಟ ದೃಶ್ಯ ಅಲ್ಲ ಅಂತ ಗೊತ್ತಾಗಿದ್ದು ಆಮೇಲೆ.

ಯಾಕೆಂದರೆ ಕೊನೆಗೆ ಮುದುಕ ಕೊಟ್ಟಿಗೆಗೆ ವಾಪಸ್ ಬಂದು ಆ ದೊಡ್ಡ ಕೆಂಪು ಗುಂಡಿಯ ಮೇಲೆ ಕೈ ಇಡಲು ಹೋಗುತ್ತಾನೆ. ಉಳಿದಿಬ್ಬರೂ ಅಲ್ಲಿಗೆ ಬರುತ್ತಾರೆ. ತಡೆಯಲಿಕ್ಕಲ್ಲ. ಈ ಸಲ ನೀನು ಒಬ್ಬನೇ ಮಾಡಬೇಡ ಅಂತ ಅವರೂ ಅವನ ಜೊತೆ ಕೈ ಸೇರಿಸುತ್ತಾರೆ. ಕ್ಲಾರಾ ಮೂಲೆಯಲ್ಲಿ ಕಣ್ಣೀರು ಹಾಕಿಕೊಂಡು ತಲೆಯಾಡಿಸುತ್ತಾಳೆ. ಅಷ್ಟೇ. ಗುಂಡಿಯ ಮೇಲಿನ ಕೈ ಅಲ್ಲೇ ನಿಂತುಬಿಡುತ್ತೆ. ಆಗ ಜೈಲಿನ ಬಾಗಿಲಿನ ಲೆಕ್ಕ ಮತ್ತೆ ನೆನಪಾಗುತ್ತೆ. ಒಂದು ಇಡೀ ಗ್ರಹವನ್ನು ಒಂದು ಕ್ಷಣದಲ್ಲಿ ಹೆಪ್ಪುಗಟ್ಟಿಸಿ ಚಿತ್ರಪಟದ ಹಾಗೆ ಎತ್ತಿಡಲು ಎಷ್ಟೋ ನೂರು ವರ್ಷಗಳ ಲೆಕ್ಕ ಬೇಕು. ಮೊಟ್ಟಮೊದಲ ಡಾಕ್ಟರ್ ಶುರು ಮಾಡಿದ್ದರೆ? ಹಾರ್ಟ್ನೆಲ್‌ನಿಂದ ಹಿಡಿದು ಎಲ್ಲ ಮುಖಗಳೂ, ಎಲ್ಲ ಟಾರ್ಡಿಸ್‌ಗಳೂ ಗ್ಯಾಲಿಫ್ರೇಯ ಆಕಾಶಕ್ಕೆ ಬರುತ್ತವೆ. ಹನ್ನೆರಡು ಅಂತ ಎಣಿಸುವವರಿಗೆ ಹದಿಮೂರು ಕಾಣುತ್ತೆ. ಮುಂದಿನ ಡಾಕ್ಟರ್ ಆಗಿ ಬರಲಿದ್ದ ಪೀಟರ್ ಕಪಾಲ್ಡಿಯ ಹುಬ್ಬು, ಕಣ್ಣು ಒಂದು ಗಳಿಗೆ ಮಿಂಚಿ ಹೋಗುತ್ತವೆ.

ನನಗೆ ಈ ಸ್ಪೆಷಲ್ ಇಷ್ಟು ಇಷ್ಟವಾಗಲು ಕಾರಣ ಇಲ್ಲಿದೆ. ಐವತ್ತನೇ ವರ್ಷದ ಹಬ್ಬ ಅಂದರೆ ಹಳಬರನ್ನೆಲ್ಲ ಕರೆದು ಹಾರ ಹಾಕಿ ಕೂರಿಸಬಹುದಿತ್ತು. ಹಿಂದೆ ಹಾಗೆ ಮಾಡಿದ್ದೂ ಉಂಟು. 1983ರ 'ದಿ ಫೈವ್ ಡಾಕ್ಟರ್ಸ್' ಬಹುಮಟ್ಟಿಗೆ ಅಂಥದ್ದು. 2013ರಲ್ಲಿ ಹಳೆಯ ಮುಖಗಳನ್ನು ಕರೆದದ್ದು ಕೆಲಸಕ್ಕೆ. ಐವತ್ತು ವರ್ಷದ ಆಯಸ್ಸು ಇಲ್ಲದಿದ್ದರೆ ಆ ಲೆಕ್ಕ ಮುಗಿಯುತ್ತಲೇ ಇರಲಿಲ್ಲ. ಸರಣಿಯ ವಯಸ್ಸೇ ಕಥೆಯಲ್ಲಿ ಗ್ರಹವನ್ನು ಉಳಿಸುತ್ತೆ.

1983ರ ಮಾತು ಬಂತಲ್ಲ, ಒಂದು ಸಂಗತಿ ಹೇಳಲೇಬೇಕು. ಆ ಸಲ ಟಾಮ್ ಬೇಕರ್ ಬರಲಿಲ್ಲ. ಏಳು ವರ್ಷ ಡಾಕ್ಟರ್ ಆಗಿದ್ದ, ಉದ್ದ ಸ್ಕಾರ್ಫಿನ ಆ ನಟ ಒಲ್ಲೆ ಅಂದಿದ್ದರು. ಪ್ರಚಾರದ ಫೋಟೋದಲ್ಲಿ ಅವರ ಜಾಗದಲ್ಲಿ ಮೇಣದ ಗೊಂಬೆ ನಿಲ್ಲಿಸಬೇಕಾಯಿತು. ಮೂವತ್ತು ವರ್ಷದ ನಂತರ, 79ನೇ ವಯಸ್ಸಿನಲ್ಲಿ, ಅವರು ಬಂದರು. ಕೊನೆಯಲ್ಲಿ ಸ್ಮಿತ್ ಒಬ್ಬನೇ ಗ್ಯಾಲರಿಯಲ್ಲಿ ಗ್ಯಾಲಿಫ್ರೇಯ ಚಿತ್ರಪಟದ ಮುಂದೆ ಕೂತಿರುವಾಗ ಹಿಂದಿನಿಂದ ಆ ಗಂಭೀರ ದನಿ ಕೇಳುತ್ತೆ. ಗ್ಯಾಲರಿ ನೋಡಿಕೊಳ್ಳುವ ಮುದುಕನಾಗಿ ಊರುಗೋಲು ಹಿಡಿದು ಬರುತ್ತಾರೆ. ನಾನು ಎಷ್ಟೋ ಸಲ ನೋಡಿದ್ದೇನೆ, ಪ್ರತಿ ಸಲವೂ ಗಂಟಲು ಕಟ್ಟುತ್ತೆ. ಗ್ಯಾಲಿಫ್ರೇ ಎಲ್ಲೋ ಉಳಿದಿದೆ ಅಂತ ಅವರು ಸುಳಿವು ಕೊಟ್ಟು ಹೋದ ಮೇಲೆ ಡಾಕ್ಟರ್ ಹೇಳುವ ಕೊನೆಯ ಮಾತು, ಮನೆಗೆ ಹೋಗ್ತಿದೀನಿ, ಸುತ್ತು ದಾರಿಯಲ್ಲಿ, ಅಂತ. 1963ರ ಆ ಸಿಡುಕ ಅಜ್ಜ ಗುಜರಿ ಅಂಗಳದಲ್ಲಿ ಹೇಳಿದ್ದು ನೆನಪಾಯಿತಾ?

ಗುಟ್ಟು ಒಡೆಯುವ ವಿಷಯಕ್ಕೆ ಬರ್ತೀನಿ. ಇಲ್ಲಿ ಒಂದು ನೋವಿನ ತಿರುವು ಇದೆ. ಬೇರೆಬೇರೆ ಕಾಲದವರು ಒಟ್ಟಿಗೆ ಸೇರಿದ್ದರಿಂದ ಈ ದಿನದ ನೆನಪು ಕಿರಿಯ ಡಾಕ್ಟರ್‌ಗಳಿಗೆ ಉಳಿಯುವುದಿಲ್ಲ. ಜಾನ್ ಹರ್ಟ್‌ನ ಮುದುಕ ತನ್ನ ಜನರನ್ನು ಉಳಿಸಿದ್ದಾನೆ. ಆದರೆ ತಾನೇ ಸುಟ್ಟೆ ಅಂದುಕೊಂಡು ನಾನೂರು ವರ್ಷ ಬದುಕಬೇಕು. 2005ರಲ್ಲಿ ಸರಣಿ ಮತ್ತೆ ಶುರುವಾದಾಗ ಕ್ರಿಸ್ಟೊಫರ್ ಎಕಲ್ಸ್ಟನ್ ಮಾಡಿದ ಡಾಕ್ಟರ್ ಇವನೇ, ಆ ಕೊಟ್ಟಿಗೆಯಿಂದ ಹೊರಗೆ ಬಂದವನು. ಕ್ರಮವಾಗಿ ನೋಡುವವರು ಅವನ ಜೊತೆ ದುಃಖ ಪಡುತ್ತಾರೆ. ಮೊದಲು ಸ್ಪೆಷಲ್ ನೋಡಿದವರಿಗೆ ಅವನಿಗೇ ಗೊತ್ತಿಲ್ಲದ ಸತ್ಯ ಗೊತ್ತಿರುತ್ತೆ. ನಮಗೆ ಇದೇನು ಹೊಸದಾ? ಕರ್ಣ ಕುಂತಿಯ ಮಗ ಅಂತ ತಿಳಿದೇ ತಾನೇ ನಾವು ಇಡೀ ರಾತ್ರಿ ಯಕ್ಷಗಾನದಲ್ಲಿ ಕರ್ಣನನ್ನು ನೋಡಿದ್ದು? ಗುಟ್ಟು ಗೊತ್ತಿತ್ತು ಅಂತ ಯಾರ ಕಣ್ಣೂ ಒಣಗಿರಲಿಲ್ಲ. ಗೊತ್ತಿದ್ದದ್ದಕ್ಕೇ ಜಾಸ್ತಿ ಅಳು ಬರುತ್ತಿತ್ತು.

ಗ್ಯಾಲಿಫ್ರೇಯನ್ನು ಉಳಿಸಿದ್ದರಿಂದ 2005ರ ದುಃಖ ಹಗುರವಾಯಿತು ಅನ್ನುವ ಅಭಿಮಾನಿಗಳಿಗೂ ನನ್ನದು ಇದೇ ಉತ್ತರ.

ಆ ರಾತ್ರಿ ಅಮ್ಮ ಕೇಳಿದರು, "ಪಾಪ, ಆ ಮುದುಕನಿಗೆ ಯಾರೂ ಹೇಳೋದೇ ಇಲ್ವಾ?" ಮರುದಿನ 2005ರ ಮೊದಲೆರಡು ಎಪಿಸೋಡ್ ಹಾಕಿದೆ. ಎರಡನೆಯದರ ಕೊನೆಯಲ್ಲಿ ಡಾಕ್ಟರ್ ಮತ್ತು ಅವನ ಜೊತೆಗಾತಿ ರೋಸ್ ಲಂಡನ್ನಿನ ಒಂದು ಜನಜಂಗುಳಿಯ ಬೀದಿಯಲ್ಲಿ ನಿಂತಿದ್ದಾರೆ. ಅವನು ನನ್ನ ಗ್ರಹ ಇಲ್ಲ, ಸುಟ್ಟುಹೋಯಿತು, ನಾನೊಬ್ಬನೇ ಉಳಿದೆ ಅನ್ನುತ್ತಾನೆ. ರೋಸ್‌ಗೆ ಏನು ಹೇಳಬೇಕೋ ತಿಳಿಯುವುದಿಲ್ಲ. ಎಲ್ಲಿಂದಲೋ ಚಿಪ್ಸ್ ಕರಿಯುವ ವಾಸನೆ ಬರುತ್ತೆ. ಬಾ, ನಾನೇ ಕೊಡಿಸ್ತೀನಿ ಅನ್ನುತ್ತಾಳೆ.

ಅಮ್ಮ ಕೈಯಲ್ಲಿದ್ದ ಕಾಫಿ ಲೋಟ ಕೆಳಗಿಟ್ಟರು. ಟಿವಿಯ ಕಡೆ ಬಾಗಿ, ನಮ್ಮ ಮನೆಯ ಹುಡುಗನಿಗೆ ಹೇಳುವ ಹಾಗೆ ಮೆಲ್ಲಗೆ ಹೇಳಿದರು. "ಇಲ್ಲಪ್ಪಾ, ಎಲ್ಲಾ ಇದಾರೆ."